ಸಸಿಹಿತ್ಲು ಅಲೆ ನಿಂತಿರುವುದು ಮರಳಿನ ಮೇಲೆ

ಮಳೆಗಾಲ ಬಂದರೆ ನಮ್ಮ ಕಡೆ ಪ್ರತಿ ವರ್ಷ ಅದೇ ಸುದ್ದಿ. ಕಡಲ್ಕೊರೆತ, ಬುಡ ಕಿತ್ತುಬಂದ ತೆಂಗಿನ ಮರ, ಅಧಿಕಾರಿಗಳ ಭೇಟಿ, ಆಮೇಲೆ ಲಾರಿಗಟ್ಟಲೆ ಕಲ್ಲು. ಮನೆಯ ಮೆಟ್ಟಿಲಿಗೆ ನೀರು ಬಂದಿರುವಾಗ ಕಲ್ಲು ಹಾಕಬೇಡಿ ಎಂದು ನಾನು ಹೇಳುವುದಿಲ್ಲ. ಹೇಳಲೂಬಾರದು. ಆದರೆ ತುರ್ತಿಗೆಂದು ಹಾಕುವ ಕಲ್ಲೇ ಕರಾವಳಿ ಕಾಯುವ ಪೂರ್ತಿ ಯೋಜನೆ ಆಗಿಬಿಟ್ಟರೆ? ಬೀಚ್ ಏನಾಗುತ್ತದೆ, ಅಲೆ ಏನಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಸರ್ಫಿಂಗ್ ಮಾಡುವ ನಾವಾದರೂ ಕೇಳಬೇಕು ಅಲ್ವಾ?

ಮೂಲ್ಕಿ ಹತ್ತಿರದ ಸಸಿಹಿತ್ಲು ಬೀಚಿಗೆ ಹೋದವರಿಗೆ ಗೊತ್ತು. ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ನದಿ, ನಡುವೆ ಮರಳಿನ ಪಟ್ಟಿ. ಶಾಂಭವಿ, ನಂದಿನಿ ಎರಡೂ ಜೊತೆಯಾಗಿ ಕಡಲು ಸೇರುವ ಅಳಿವೆ ಅಲ್ಲೇ. 2004ರಲ್ಲಿ ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುವಾದ ಮೇಲೆ ಈ ಭಾಗದ ಎಷ್ಟೋ ಹುಡುಗರು ಬೋರ್ಡ್ ಹಿಡಿದರು. ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಇದೇ ಬೀಚಿನಲ್ಲಿ ನಡೆದಿದೆ. ದೇಶದ ಒಳ್ಳೆಯ ಸರ್ಫರ್‌ಗಳೆಲ್ಲ ಇಲ್ಲಿಗೆ ಬಂದು ಹೋಗಿದ್ದಾರೆ.

ಅವರೆಲ್ಲ ಬಂದಿದ್ದು ಅಲೆಗಾಗಿ. ಆ ಅಲೆಯನ್ನು ಮಾಡುವುದು ಮರಳು.

ದೂರದ ಹಿಂದೂ ಮಹಾಸಾಗರದಲ್ಲಿ ಎದ್ದ ಸ್ವೆಲ್, ಅಂದರೆ ಗಾಳಿ ಎಬ್ಬಿಸಿದ ತೆರೆಗಳ ಸಾಲು, ಸಾವಿರಾರು ಕಿಲೋಮೀಟರ್ ದಾಟಿ ಇಲ್ಲಿಗೆ ಬರುತ್ತದೆ. ಆಳ ಇರುವಷ್ಟು ಹೊತ್ತು ಅದು ಮುರಿಯುವುದಿಲ್ಲ. ಒಂದು ಮೀಟರ್ ಎತ್ತರದ ಅಲೆ ಮುರಿಯಬೇಕಾದರೆ ನೀರಿನ ಆಳ ಸುಮಾರು 1.3 ಮೀಟರ್‌ಗೆ ಇಳಿಯಬೇಕು. ಕೆಳಗಿನ ಮರಳು ದಡಕ್ಕೆ ಸಮವಾಗಿ, ನೇರವಾಗಿ ಹರಡಿದ್ದರೆ ಇಡೀ ಅಲೆ ಒಂದೇ ಸಲ ದಬ್ ಅಂತ ಬೀಳುತ್ತದೆ. ಅದರ ಮೇಲೆ ಎದ್ದು ನಿಲ್ಲುವಷ್ಟರಲ್ಲಿ ಸವಾರಿ ಮುಗಿದಿರುತ್ತದೆ. ದಿಬ್ಬ ಸ್ವಲ್ಪ ಓರೆಯಾಗಿ ಕೂತಿದ್ದರೆ ಮಾತ್ರ ಅಲೆ ಒಂದು ತುದಿಯಿಂದ ಶುರುವಾಗಿ ಪಕ್ಕಕ್ಕೆ ಮುರಿಯುತ್ತಾ ಹೋಗುತ್ತದೆ. ಸರ್ಫರ್‌ಗೆ ಬೇಕಾಗಿರುವುದು ಆ ಪಕ್ಕದ ಓಟ. ಅಂಥ ದಿಬ್ಬ ಕಟ್ಟುವುದಕ್ಕೆ ಅಳಿವೆಗಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಮಳೆಗಾಲದಲ್ಲಿ ನದಿ ಮರಳು ತಂದು ಬಾಯಿಯಲ್ಲಿ ಸುರಿಯುತ್ತದೆ, ಕಡಲು ಅದನ್ನು ತನಗೆ ಬೇಕಾದ ಹಾಗೆ ಜೋಡಿಸುತ್ತದೆ.

ದಡದ ಮರಳೂ ಸುಮ್ನೆ ಕೂತಿರುವುದಿಲ್ಲ. ಮುಂಗಾರಿನ ದೊಡ್ಡ ತೆರೆಗಳು ಅದನ್ನು ಎಳೆದುಕೊಂಡು ಹೋಗಿ ಸ್ವಲ್ಪ ದೂರದಲ್ಲಿ ನೀರಿನಡಿ ಇಡುತ್ತವೆ. ಕಡಲು ತಣ್ಣಗಾದ ಮೇಲೆ ಸಣ್ಣ ಅಲೆಗಳು ಮೆಲ್ಲಗೆ ವಾಪಸ್ ತರುತ್ತವೆ. ಹೋದದ್ದೆಲ್ಲ ಕಳೆದುಹೋಯಿತು ಎಂದಲ್ಲ. ಆದರೆ ಆ ಹೋಗಿಬರುವ ದಾರಿಗೆ ಕಲ್ಲಿನ ಗೋಡೆ ಅಡ್ಡ ಬಂದಾಗ ತೊಂದರೆ ಶುರು. ಅಲೆ ಗೋಡೆಗೆ ಬಡಿದು ಶಕ್ತಿ ಉಳಿಸಿಕೊಂಡೇ ಹಿಂದೆ ತಿರುಗುತ್ತದೆ, ಬುಡದ ಮರಳನ್ನು ಕೆರೆದುಕೊಂಡು ಹೋಗುತ್ತದೆ. ಗೋಡೆ ಮುಗಿಯುವ ಕಡೆ, ಅಂದರೆ ಪಕ್ಕದವರ ಮನೆಯ ಮುಂದೆ, ಕೊರೆತ ಜಾಸ್ತಿಯಾಗುತ್ತದೆ. ಮುಂದಿನ ವರ್ಷ ಅಲ್ಲಿಗೂ ಕಲ್ಲು.

ಕಲ್ಲು ಹಾಕಿದ ದಡದ ಮುಂದೆ ಭರತದ ಹೊತ್ತಿನಲ್ಲಿ ಬೋರ್ಡ್ ಮೇಲೆ ಕೂತು ನೋಡಿ. ಒಳ್ಳೆಯ ಸೆಟ್, ಅಂದರೆ ಒಂದರ ಹಿಂದೆ ಒಂದು ದೊಡ್ಡ ಅಲೆಗಳ ಗುಂಪು, ಬರುತ್ತಿರುತ್ತದೆ. ಹಿಂದಿನ ಅಲೆ ಕಲ್ಲಿಗೆ ಬಡಿದು ವಾಪಸ್ ಬಂದು ಇದಕ್ಕೆ ಡಿಕ್ಕಿ ಹೊಡೆಯುತ್ತದೆ. ನೀರು ನೇರ ಮೇಲಕ್ಕೆ ಚಿಮ್ಮುತ್ತದೆ, ಅಲೆಯ ಮುಖ ಒಡೆದು ಗುಡ್ಡೆ ಗುಡ್ಡೆಯಾಗುತ್ತದೆ. ಹೊಸಬರಿಗೆ ಕಲಿಸಬೇಕಾದ ಜಾಗದಲ್ಲಿ ಈಗ ಕಾಲಿಡಲು ಮರಳಿಲ್ಲ. ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ (ಲೀಶ್) ಕಲ್ಲಿನ ಸಂದಿಗೆ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ.

ಇನ್ನೊಂದು ವಿಷಯ ಅಳಿವೆಯ ಹೂಳು. ಇದನ್ನು ಹೇಳುವಾಗ ಎಚ್ಚರ ಬೇಕು. ಅಳಿವೆ ಬಾಯಿಯಲ್ಲಿ ಮರಳು ತುಂಬಿದರೆ ದೋಣಿ ಮಗುಚುತ್ತದೆ, ಜನ ಸಾಯುತ್ತಾರೆ. ಹೂಳೆತ್ತಿ, ಬ್ರೇಕ್‌ವಾಟರ್ (ಅಲೆ ತಡೆಯಲು ಕಡಲೊಳಗೆ ಚಾಚಿದ ಕಲ್ಲಿನ ಗೋಡೆ) ಕಟ್ಟಿಕೊಡಿ ಎಂದು ಮೀನುಗಾರರು ಕೇಳುವುದು ನ್ಯಾಯವೇ. ಸರ್ಫಿಂಗ್‌ಗೋಸ್ಕರ ಅವರ ಬೇಡಿಕೆಯನ್ನು ತಳ್ಳಿಹಾಕುವ ಹಕ್ಕು ನಮಗಿಲ್ಲ. ಆದರೆ ಎಷ್ಟು ತೆಗೆಯುತ್ತೀರಿ, ತೆಗೆದದ್ದನ್ನು ಎಲ್ಲಿ ಹಾಕುತ್ತೀರಿ ಎಂದು ಕೇಳುವ ಹಕ್ಕು ಖಂಡಿತ ಇದೆ.

ಸ್ಪೇನ್‌ನ ಮುಂಡಾಕ ಕೂಡ ಸಸಿಹಿತ್ಲು ತರಹ ಅಳಿವೆಯ ಅಲೆ. ಜಗತ್ತಿನ ಸರ್ಫರ್‌ಗಳಿಗೆಲ್ಲ ಅದರ ಹೆಸರು ಗೊತ್ತು. 2003ರಲ್ಲಿ ಅಲ್ಲಿನ ಹಡಗು ಕಟ್ಟುವ ಯಾರ್ಡ್‌ಗೆ ದಾರಿ ಮಾಡಿಕೊಡಲು ನದಿಯ ಮರಳು ತೆಗೆದರು. ದಿಬ್ಬದ ಆಕಾರ ಕೆಟ್ಟಿತು, ಅಲೆ ಹೋಯಿತು. 2005ರಲ್ಲಿ ನಡೆಯಬೇಕಿದ್ದ ವಿಶ್ವ ಮಟ್ಟದ ಸ್ಪರ್ಧೆ ರದ್ದಾಯಿತು. ಸ್ಪರ್ಧೆ ಇಲ್ಲದಿದ್ದರೆ ರೂಮು, ಹೋಟೆಲು, ಅಂಗಡಿ ಎಲ್ಲದಕ್ಕೂ ಪೆಟ್ಟು. ಆಮೇಲೆ ಮರಳು ನಿಧಾನವಾಗಿ ಮತ್ತೆ ಕೂತು ಅಲೆ ವಾಪಸ್ ಬಂತು. ಅವರ ನದಿಯಲ್ಲಿ ಮರಳು ಇತ್ತು. ನಮ್ಮಲ್ಲಿ ಮೇಲಿನ ಹೊಳೆಗಳಲ್ಲೇ ಮರಳು ತೆಗೆದು ಟಿಪ್ಪರ್‌ಗೆ ತುಂಬಿಸಿದರೆ ಕಡಲಿಗೆ ಕೊಡಲು ಏನು ಉಳಿಯುತ್ತದೆ?

ಕಟ್ಟುವುದರಿಂದ ಕೆಡುಕೇ ಆಗುತ್ತದೆ ಎಂದೂ ಇಲ್ಲ. ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಹತ್ತಿರ ಟ್ವೀಡ್ ನದಿಯ ಬಾಯಿಗೆ ಉದ್ದದ ಗೋಡೆ ಕಟ್ಟಿದ್ದರಿಂದ ಮರಳು ತೆಂಕಣ ಬದಿಯಲ್ಲೇ ನಿಂತು, ಬಡಗಣ ಬೀಚುಗಳು ಸವೆದವು. 2001ರಿಂದ ಅಲ್ಲಿ ಪಂಪ್ ಇಟ್ಟು ವರ್ಷಕ್ಕೆ ಸುಮಾರು 5 ಲಕ್ಷ ಘನ ಮೀಟರ್ ಮರಳನ್ನು ನದಿ ದಾಟಿಸುತ್ತಿದ್ದಾರೆ. ಅದರಿಂದ ಸೂಪರ್‌ಬ್ಯಾಂಕ್ ಅನ್ನುವ ಅದ್ಭುತ ಅಲೆ ಹುಟ್ಟಿತು. ಪಕ್ಕದ ಕಿರಾ ಬೀಚಿನ ಹೆಸರಾಂತ ಅಲೆ ಮಾತ್ರ ಮರಳು ಜಾಸ್ತಿಯಾಗಿ ಹೂತುಹೋಯಿತು, ಸರ್ಫರ್‌ಗಳು ಗಲಾಟೆ ಮಾಡಿದರು. ನಗರಾಡಳಿತ 2015ರಲ್ಲಿ ಸರ್ಫಿಂಗ್‌ಗೆಂದೇ ಒಂದು ನಿರ್ವಹಣಾ ಯೋಜನೆ ಮಾಡಿತು. ನ್ಯೂಜಿಲೆಂಡ್ ಇನ್ನೂ ಮುಂದೆ ಹೋಗಿದೆ. 2010ರ ತನ್ನ ಕರಾವಳಿ ನೀತಿಯಲ್ಲೇ 17 ಸರ್ಫಿಂಗ್ ತಾಣಗಳನ್ನು ಹೆಸರಿಸಿ, ಅವು ಕೆಡದ ಹಾಗೆ ನೋಡಿಕೊಳ್ಳಬೇಕು ಎಂದು ಬರೆದಿಟ್ಟಿದೆ. ಅಲೆಯೂ ದೇಶದ ಆಸ್ತಿ ಅಂತ ಒಂದು ಸರ್ಕಾರ ಒಪ್ಪಿಕೊಂಡಿದೆ. ಇದನ್ನು ಓದಿದಾಗ ನನಗೆ ನಿಜವಾಗಿ ಖುಷಿಯಾಯಿತು, ಹಿಂದೆಯೇ ಹೊಟ್ಟೆ ಉರಿಯಿತು.

ಇಲ್ಲೂ ಬರೀ ಕಲ್ಲೇ ಗತಿ ಎಂದೇನಿಲ್ಲ. ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕ್ (ಎಡಿಬಿ) ನೆರವಿನ ಯೋಜನೆಯಲ್ಲಿ ಕಡಲೊಳಗೆ ರೀಫ್, ಅಂದರೆ ಅಲೆಯ ಹೊಡೆತ ತಗ್ಗಿಸುವ ನೀರಿನಡಿಯ ದಿಣ್ಣೆ, ಕಟ್ಟಿದರು. ಪುದುಚೇರಿಯಲ್ಲಿ ಬಂದರಿನ ಬ್ರೇಕ್‌ವಾಟರ್‌ನಿಂದ ಬೀಚೇ ಮಾಯವಾಗಿತ್ತು. ನೀರಿನಡಿಯ ರೀಫ್ ಬಂದ ಮೇಲೆ ಪ್ರೊಮೆನೇಡ್ ಮುಂದೆ ಮತ್ತೆ ಮರಳು ಕೂತಿತು. ಎಂಜಿನಿಯರ್‌ಗಳಿಗೆ ದಾರಿ ಗೊತ್ತಿದೆ. ಅಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದು ಅವರಿಗೆ ಯಾರೂ ಹೇಳಿಲ್ಲ, ಅಷ್ಟೆ.

ಸಸಿಹಿತ್ಲಿನಲ್ಲಿ ಏನೇ ಕಾಮಗಾರಿ ಬರಲಿ, ಟೆಂಡರ್‌ಗೆ ಮುಂಚೆ ಒಂದು ಪೂರ್ತಿ ವರ್ಷ ಮರಳು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಅಳೆಯಲಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ನೀರಿನಡಿಯ ಸರ್ವೆ ಆಗಲಿ. ಹೂಳೆತ್ತಿದ ಮರಳು ಮಾರಾಟಕ್ಕೆ ಹೋಗದೆ ಕೊರೆದ ದಡಕ್ಕೇ ಬೀಳಲಿ. ಸಭೆಗೆ ನಾಡದೋಣಿಯವರನ್ನೂ ಸರ್ಫರ್‌ಗಳನ್ನೂ ಒಟ್ಟಿಗೆ ಕರೆಯಲಿ. ನಮ್ಮ ಒಳ್ಳೆಯ ಸರ್ಫರ್‌ಗಳಲ್ಲಿ ಮೊಗವೀರರ ಮನೆಯ ಹುಡುಗರೂ ಇದ್ದಾರೆ. ಅಪ್ಪ ದೋಣಿಗೆ ದಾರಿ ನೋಡುವ ದಿಬ್ಬದಲ್ಲೇ ಮಗ ಅಲೆ ನೋಡುತ್ತಾನೆ. ಈ ದಿಬ್ಬ ಎಲ್ಲಿ ಸರಿಯಿತು ಎಂದು ಅವರಿಗಿಂತ ಚೆನ್ನಾಗಿ ಯಾರು ಹೇಳಬಲ್ಲರು?

ನಾವು ಈಗಲೇ ಮಾಡಬಹುದಾದ ಕೆಲಸವೂ ಒಂದಿದೆ. 2017ರಲ್ಲಿ ಸಿಡ್ನಿಯಲ್ಲಿ ಕೋಸ್ಟ್‌ಸ್ನ್ಯಾಪ್ ಅಂತ ಶುರುವಾಯಿತು. ಬೀಚ್ ಪಕ್ಕ ಫೋನ್ ಇಡಲು ಒಂದು ಸ್ಟ್ಯಾಂಡ್, ಯಾರು ಬಂದರೂ ಅದೇ ಕೋನದಿಂದ ಒಂದು ಫೋಟೊ. ಅವನ್ನೆಲ್ಲ ಸೇರಿಸಿ ದಡ ಎಷ್ಟು ಸರಿದಿದೆ ಎಂದು ಲೆಕ್ಕ ಹಾಕುತ್ತಾರೆ. ನಮಗೂ ಇಷ್ಟು ಸಾಧ್ಯ. ಸಸಿಹಿತ್ಲು ಅಳಿವೆಯ ಹಳೆಯ ಫೋಟೊ ನಿಮ್ಮ ಹತ್ತಿರ ಇದ್ದರೆ, ಮದುವೆ ಫೋಟೊಶೂಟ್ ಆದರೂ ಸರಿ, ಹಿಂದೆ ದಡ ಕಾಣುತ್ತಿದ್ದರೆ ಸಾಕು, ತಿಂಗಳು ಮತ್ತು ವರ್ಷ ಬರೆದು ಕೆಳಗೆ ಹಾಕಿ. ಎಲ್ಲವನ್ನೂ ವರ್ಷವಾರು ಜೋಡಿಸುವ ಕೆಲಸ ನನ್ನದು.