ಸೂನ್ ಅಂದ್ರೆ ಯಾವಾಗ ಸ್ವಾಮಿ?

ನಮ್ಮ ಬೀದಿಯ ಕೊನೆಯಲ್ಲೊಂದು ಬೋರ್ಡ್ ಇದೆ, 'ಓಪನಿಂಗ್ ಸೂನ್' ಅಂತ. ಹಾಕಿದಾಗ ಅಕ್ಷರಗಳು ಕೆಂಪಗಿದ್ದವು. ಬಿಸಿಲು, ಮಳೆಗೆ 'ಓಪನಿಂಗ್' ಅಳಿಸಿಹೋಗಿ ಈಗ 'ಸೂನ್' ಮಾತ್ರ ಉಳಿದಿದೆ. ಏನು ಸೂನ್ ಅಂತ ಯಾರಿಗೂ ನೆನಪಿಲ್ಲ.

ಇದು ಎಲ್ಲಿಂದ ಬಂತಪ್ಪಾ ಅಂತ ನೋಡಿದೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಇದು 'ಸೋನಾ'. ಅರ್ಥ ತಕ್ಷಣ, ಈಗಿಂದೀಗಲೇ. ಇಂಗ್ಲೆಂಡಿನ ಜನ "ಸೋನಾ ಬಂದೆ" ಅಂದು ಅಂದು, ಬರದೇ ಬರದೇ, ಪದವೇ ಸುಸ್ತಾಗಿ 'ಸ್ವಲ್ಪ ಹೊತ್ತು ಬಿಟ್ಟು' ಅಂತ ಕೂತುಬಿಟ್ಟಿತು. ಮಾತು ಉಳಿಸಿಕೊಳ್ಳೋದಕ್ಕಿಂತ ಅರ್ಥ ಬದಲಾಯಿಸೋದು ಸುಲಭ ಅಲ್ವಾ?

ಒಂದೇ ಪದವಾಗಿದ್ದರೆ ಪಾಪ ಅನ್ನಬಹುದಿತ್ತು. 'ಅನಾನ್' ಅಂದರೂ ಮೊದಲು ತಕ್ಷಣವೇ. ಅದೂ ಜಾರಿತು. 'ಪ್ರೆಸೆಂಟ್ಲಿ'ಯೂ ಜಾರಿತು. 'ಬೈ ಅಂಡ್ ಬೈ' ಕಥೆ ಇನ್ನೂ ಚೆಂದ. 1611ರ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ ಹೆರೋದ್ಯಳ ಮಗಳು ರಾಜನನ್ನು ಕೇಳುತ್ತಾಳೆ: ಸ್ನಾನಿಕ ಯೋಹಾನನ ತಲೆಯನ್ನು ತಟ್ಟೆಯಲ್ಲಿ 'ಬೈ ಅಂಡ್ ಬೈ' ಕೊಡು. ಅಂದರೆ ಈಗಲೇ. ರಾಜ ಆಗಿಂದಾಗಲೇ ಆಳು ಕಳಿಸಿದ. ಇವತ್ತಿನ ಇಂಗ್ಲಿಷಿನಲ್ಲಿ ಅದೇ ಮಾತಿಗೆ 'ಮುಂದೆ ಯಾವಾಗಾದರೂ ನೋಡೋಣ' ಅಂತ ಅರ್ಥ. ಅವಳು ಇವತ್ತಿನ ಇಂಗ್ಲಿಷಿನಲ್ಲಿ ಕೇಳಿದ್ದರೆ ಯೋಹಾನ ಬದುಕಿಕೊಳ್ಳುತ್ತಿದ್ದನೋ ಏನೋ!

ಪದ ಹೆತ್ತ ನಾಡಿನ ಗತಿಯೂ ಇದೇ. ಲಂಡನ್ನಿನ ಎಲಿಜಬೆತ್ ರೈಲು ಮಾರ್ಗ 2018ರ ಡಿಸೆಂಬರಿಗೆ ಅಂದಿದ್ದು 2022ರ ಮೇ ತಿಂಗಳಿಗೆ ಬಂತು. ಬೆಂಗಳೂರಿನಲ್ಲಿ ಈಜಿಪುರದ ಫ್ಲೈಓವರ್ ಶುರುವಾಗಿದ್ದು 2017ರಲ್ಲಿ, ಮುಗಿಸ್ತೀವಿ ಅಂದಿದ್ದು 2019ಕ್ಕೆ. 2019 ಮುಗಿಯಿತು.

ನಿಜ ಹೇಳಬೇಕೆಂದರೆ, ಇದಕ್ಕೆ ನಾವು ಇಂಗ್ಲಿಷಿನಿಂದ ಪದ ತರಬೇಕಾಗಿರಲಿಲ್ಲ. ಅವರು ನಾಳೆಯ ಕೆಲಸಕ್ಕೆ 'ಈಗ' ಅಂದರು, ಅಷ್ಟೇ. ನಾವು ಆಗಿಯೇ ಹೋಯಿತು ಅಂತೀವಿ. ಇನ್ನೂ ಬಚ್ಚಲಲ್ಲಿ ಹಲ್ಲುಜ್ಜುತ್ತಿರುವವನು ಫೋನಿನಲ್ಲಿ ಬುರುಗು ಉಗುಳಿ "ಬಂದೆ ಬಂದೆ" ಅಂತಾನೆ. ಭೂತಕಾಲ! ಅದೂ ಎರಡು ಸಲ.

ಭೂತ ಅಂದಾಗ ನೆನಪಾಯಿತು. 1990ರ ದಶಕದಲ್ಲಿ ದೆವ್ವ ಮನೆಗೆ ಬರುತ್ತೆ ಅಂತ ಜನ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿದ್ದರು. ದೆವ್ವ ಓದಿ, ನಂಬಿ, ವಾಪಸ್ ಹೋಗುತ್ತಿತ್ತಂತೆ. ಮರುದಿನ ಮತ್ತೆ ಬಂದು ಮತ್ತೆ ಓದುತ್ತಿತ್ತು.

ಮೊನ್ನೆ ಒಂದು ಸಹಿಗೆ ಅಂತ ಒಂದು ಕಚೇರಿಗೆ ಹೋಗಿದ್ದೆ. "ಸಾಹೇಬ್ರು ಈಗ ಬಂದ್ರು, ಕೂತ್ಕೊಳ್ಳಿ" ಅಂದರು. ಕೂತೆ. ಸಂಜೆ ಬೀಗ ತೆಗೆದುಕೊಂಡು ಬಂದ ಅಟೆಂಡರ್ "ನಾಳೆ ಬನ್ನಿ ಸರ್" ಅಂದ. ದೆವ್ವಕ್ಕೆ ಏಕವಚನ, ನನಗೆ ಬಹುವಚನ. ಅಷ್ಟಾದರೂ ಮರ್ಯಾದೆ ಸಿಕ್ಕಿತಲ್ಲ ಅಂತ ಎದ್ದು ಬಂದೆ.