ಸ್ಪಷ್ಟನೆ: ಆಸ್ಟ್ರೇಲಿಯಾದಲ್ಲಿ ವಿದ್ಯಾರ್ಥಿ ವೀಸಾದವರ ಭಾನುವಾರದ ಸಂಬಳ

‘ವಿದ್ಯಾರ್ಥಿ ವೀಸಾದವರಿಗೆ ಭಾನುವಾರದ ಹೆಚ್ಚುವರಿ ದರ ಇಲ್ಲ, ಒಂದೇ ಗಂಟೆ ಕೆಲಸ ಮಾಡಿಸಿ ಮನೆಗೆ ಕಳಿಸಿದರೆ ಒಂದು ಗಂಟೆಯ ದುಡ್ಡಷ್ಟೇ’ ಎಂಬ ಮೆಸೇಜ್ ಆಸ್ಟ್ರೇಲಿಯಾಕ್ಕೆ ಓದಲು ಹೋದ ನಮ್ಮ ಹುಡುಗ ಹುಡುಗಿಯರ ನಡುವೆ ಓಡಾಡುತ್ತಿದೆ. ಎರಡೂ ತಪ್ಪು.

ವೀಸಾ ಯಾವುದಾದರೂ ಸಂಬಳದ ಹಕ್ಕು ಒಂದೇ ಎಂದು ನೌಕರರ ಹಕ್ಕು ನೋಡಿಕೊಳ್ಳುವ ಅಲ್ಲಿನ ಸರ್ಕಾರಿ ಸಂಸ್ಥೆ ಫೇರ್ ವರ್ಕ್ ಓಂಬುಡ್ಸ್‌ಮನ್ ಸ್ಪಷ್ಟವಾಗಿ ಹೇಳುತ್ತದೆ. ಅಂಗಡಿ ಕೆಲಸಕ್ಕೆ ಅನ್ವಯಿಸುವ ‘ಜನರಲ್ ರೀಟೇಲ್ ಇಂಡಸ್ಟ್ರಿ ಅವಾರ್ಡ್ 2020’ರ (ಕನಿಷ್ಠ ಸಂಬಳದ ಕಾನೂನುಬದ್ಧ ನಿಯಮಾವಳಿ) ಪ್ರಕಾರ, ಕ್ಯಾಶುವಲ್ (ಕಾಯಂ ಅಲ್ಲದ, ಕರೆದಾಗ ಬರುವ) ನೌಕರರಿಗೆ ಭಾನುವಾರ ಮೂಲ ದರದ ಶೇ 175. ಕಾಲೇಜು ವಿದ್ಯಾರ್ಥಿಯನ್ನು ಶಿಫ್ಟ್‌ಗೆ ಕರೆಸಿದರೆ ಕನಿಷ್ಠ 3 ಗಂಟೆಯ ಸಂಬಳ ಕೊಡಲೇಬೇಕು. (ದೊಡ್ಡ ಸೂಪರ್‌ಮಾರ್ಕೆಟ್‌ಗಳಲ್ಲಿ ಪ್ರತ್ಯೇಕ ಒಪ್ಪಂದ ಇರುತ್ತದೆ, ಅದನ್ನೇ ಓದಿ.) ಕೈಗೆ ನಗದು ಕೊಟ್ಟರೂ ಪೇಸ್ಲಿಪ್ ಕೊಡಬೇಕು. 2025ರ ಜನವರಿ 1ರಿಂದ, ಬೇಕೆಂದೇ ಸಂಬಳ ಕಡಿಮೆ ಕೊಡುವುದು ಅಪರಾಧ.

ಸಂಶಯವಿದ್ದರೆ ಫೇರ್ ವರ್ಕ್ ಓಂಬುಡ್ಸ್‌ಮನ್‌ನ 13 13 94ಕ್ಕೆ ಕರೆ ಮಾಡಿ. ಆ ಮೆಸೇಜನ್ನು ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ.