ಪರದೆಯ ಗಂಟು

ಹೋದ ಭಾನುವಾರ ಚಿಕ್ಕಮ್ಮನ ಫೋನು ಬಂತು. ತಿಪಟೂರಿನಲ್ಲಿ ರಾತ್ರಿ ಒಂಬತ್ತೂವರೆ, ನನಗಿಲ್ಲಿ ನಡುಮಧ್ಯಾಹ್ನ. ಸಾರಿಗೆ ಒಗ್ಗರಣೆ ಇಟ್ಟಿದ್ದೆ. ಮಳೆ ವಿಚಾರ ಆಯಿತು, ಕೊಬ್ಬರಿ ರೇಟು ಆಯಿತು, ಯಾರದೋ ಮಗಳ ನಿಶ್ಚಿತಾರ್ಥ ಆಯಿತು. ಆಮೇಲೆ ಮೆಲ್ಲಗೆ ಬಂತು ನೋಡಿ: "ಅಲ್ಲ ಕಣೇ, ಎಂಕಾಂ ಓದಿ, ಕಂಡೋರ ಉಚ್ಚೆ ಬಳಿಯೋಕೆ ಅಮೆರಿಕಾಕ್ಕೆ ಹೋಗಬೇಕಿತ್ತಾ?"

ನಕ್ಕೆ. ಫೋನ್ ಇಟ್ಟ ಮೇಲೆ ನಗು ಹೋಯಿತು. ಸಾಸಿವೆ ಸೀದು ಕಪ್ಪಾಗಿತ್ತು.

ಚಿಕ್ಕಮ್ಮ ಹೇಳಿದ್ದು ಸುಳ್ಳಲ್ಲ. ನ್ಯೂಜೆರ್ಸಿಯ ಒಂದು ಆಸ್ಪತ್ರೆಯಲ್ಲಿ ನಾನು ಪೇಷಂಟ್ ಕೇರ್ ಟೆಕ್ನಿಷಿಯನ್. ಬಾಯಿಮಾತಿಗೆ ಪಿಸಿಟಿ, ಇನ್ನೂ ಅವಸರ ಇದ್ದರೆ ಬರೀ ಟೆಕ್. ನಾಲ್ಕು ಗಂಟೆಗೊಮ್ಮೆ ಬಿಪಿ, ನಾಡಿ, ಜ್ವರ, ಆಕ್ಸಿಜನ್ ನೋಡೋದು. ಊಟಕ್ಕೆ ಮುಂಚೆ ಬೆರಳು ಚುಚ್ಚಿ ಶುಗರ್ ನೋಡೋದು. ಏಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸೋದು. ಮೈ ಒರೆಸೋದು, ಬೆಡ್ ಪ್ಯಾನ್ ಕೊಡೋದು, ಉಚ್ಚೆ ಎಷ್ಟು ಎಂಎಲ್ ಅಂತ ಅಳೆದು ಕಂಪ್ಯೂಟರಿಗೆ ಹಾಕೋದು. ಹನ್ನೆರಡು ಗಂಟೆಯ ಪಾಳಿ, ವಾರಕ್ಕೆ ಮೂರು.

ಗಂಡನ ವೀಸಾದ ಬಾಲ ಹಿಡಿದು ಬಂದವಳು ನಾನು. ಹಾಗೆ ಗಂಡನ ಜೊತೆ ಬರೋರಿಗೆ ಕೊಡೋ ಎಚ್-4 ವೀಸಾದ ಹೆಂಡತಿಯರಲ್ಲಿ ಕೆಲವರಿಗೆ ಕೆಲಸ ಮಾಡೋ ಅನುಮತಿ ಸಿಕ್ಕಿದ್ದೇ 2015ರಲ್ಲಿ. ಆ ಕಾರ್ಡು ನನ್ನ ಕೈಗೆ ಬರೋ ಹೊತ್ತಿಗೆ ಎಂಕಾಂ ತುಕ್ಕು ಹಿಡಿದಿತ್ತು. ಪಕ್ಕದ ಮನೆಯ ಫಿಲಿಪ್ಪೀನ್ಸ್ ಹೆಂಗಸು ಈ ಕೋರ್ಸ್ ಹೇಳಿದಳು. ಸೇರಿಬಿಟ್ಟೆ.

ಆ ಕೋರ್ಸ್‌ನಲ್ಲಿ ನನಗೆ ವಿಚಿತ್ರ ಅನಿಸಿದ್ದು ಸ್ನಾನದ ಪಾಠ. ಮಲಗಿದಲ್ಲೇ ಇರುವವರಿಗೆ ಮೈ ಒರೆಸೋದನ್ನು ಕಲಿಸೋಕೆ ಇಡೀ ಒಂದು ದಿನ! ಮೊದಲು ಬಾಗಿಲು ತಟ್ಟಬೇಕು. ಹೆಸರು ಹೇಳಬೇಕು, ಏನು ಮಾಡೋಕೆ ಬಂದೆ ಅಂತ ಹೇಳಬೇಕು, ಮಾಡಲಾ ಅಂತ ಕೇಳಬೇಕು. ಪರದೆ ಎಳೆಯಬೇಕು. ನೀರಿನ ಬಿಸಿ ಸಾಕಾ ಅಂತ ಅವರ ಕೈಯಿಂದಲೇ ಮುಟ್ಟಿಸಿ ನೋಡಬೇಕು. ಕಣ್ಣಿಂದ ಶುರು, ಸೋಪಿಲ್ಲದೆ, ಮೂಗಿನ ಕಡೆಯಿಂದ ಹೊರಗೆ. ಆಮೇಲೆ ಒಂದು ಕೈ. ಆ ಕೈ ಮಾತ್ರ ಹೊದಿಕೆಯಿಂದ ಆಚೆ ಇರಬೇಕು, ಉಳಿದ ಮೈಯೆಲ್ಲ ಮುಚ್ಚಿರಬೇಕು. ಒರೆಸಿ, ಒಣಗಿಸಿ, ಮುಚ್ಚಿ, ಆಮೇಲೆ ಇನ್ನೊಂದು ಕೈ. ಪರೀಕ್ಷೆಯಲ್ಲಿ ಪರದೆ ಮರೆತರೆ ಅಂಕ ಹೋಗುತ್ತೆ. ವಯಸ್ಸಾದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಇಲ್ಲಿನ ನರ್ಸಿಂಗ್ ಹೋಮ್‌ಗಳ ಸಹಾಯಕರಿಗೆ ಕನಿಷ್ಠ 75 ಗಂಟೆ ತರಬೇತಿ ಇರಲೇಬೇಕು ಅಂತ 1987ರಲ್ಲೇ ಇವರು ಕಾನೂನು ಮಾಡಿದ್ದಾರೆ. ಎಲ್ಲರೂ ಸುಮ್ನೆ ಬರೆದುಕೊಳ್ಳುತ್ತಿದ್ದರು. ನಾನು ಮಾತ್ರ ಬಾತ್‌ರೂಮಿಗೆ ಹೋಗಿ ಅತ್ತು ಬಂದೆ.

ಅಪ್ಪನ ನೆನಪಾಗಿತ್ತು.

ಅಪ್ಪ ಮೇಷ್ಟ್ರು. ಜಗಲಿಯಲ್ಲಿ ಕೂತಾಗ ಪಂಚೆ ಒಂದಿಷ್ಟು ಸರಿದರೂ ತಟ್ಟನೆ ಎಳೆದುಕೊಳ್ಳುತ್ತಿದ್ದವರು. ಲಕ್ವ ಹೊಡೆದಾಗ ಬೆಂಗಳೂರಿನ ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಹೆಸರು ಬೇಡ, ಚಿಕ್ಕದೇನಲ್ಲ. ನಾನು ಮೂರು ವಾರ ರಜೆ ಹಾಕಿಸಿಕೊಂಡವಳ ಹಾಗೆ ಓಡಿ ಹೋಗಿದ್ದೆ. ಜನರಲ್ ವಾರ್ಡು. ಬೆಳಗ್ಗೆ ಆಯಾ ಬರುತ್ತಿದ್ದಳು, ಹೊದಿಕೆ ಸರಕ್ಕನೆ ಎಳೆಯುತ್ತಿದ್ದಳು, "ತಿರುಗು ತಾತ" ಅನ್ನುತ್ತಿದ್ದಳು. ಎದುರು ಮಂಚದವರನ್ನು ನೋಡೋಕೆ ಮೂಸಂಬಿ ಹಿಡಿದು ಬಂದ ನೆಂಟರು ಅಲ್ಲೇ ನಿಂತಿರುತ್ತಿದ್ದರು. ಅಪ್ಪ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಿದ್ದೆ ಅಲ್ಲ ಅದು. ಎಲ್ಲ ಮುಗಿದ ಮೇಲೆ "ಕಾಫಿಗೆ ಏನಾದ್ರೂ ಕೊಡಮ್ಮಾ" ಅಂತ ಆಯಾ ನಿಲ್ಲುತ್ತಿದ್ದಳು. ನಾವು ಕೊಡುತ್ತಿದ್ದೆವು, ಆಮೇಲೆ ಕಾರಿಡಾರಿನಲ್ಲಿ ಬೈದುಕೊಳ್ಳುತ್ತಿದ್ದೆವು.

ಒಂಬತ್ತು ದಿನ ಅಪ್ಪ ಅಂಗಾತವೇ ಮಲಗಿದ್ದರು. ಹತ್ತನೇ ದಿನ ಸೊಂಟದ ಕೆಳಗೆ ಹುಣ್ಣು ಕಾಣಿಸಿತು. ಮಗ್ಗುಲು ಬದಲಿಸಬೇಕು, ಹಿಂದೆ ದಿಂಬು ಒತ್ತರಿಸಿ ಇಡಬೇಕು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಎತ್ತಿಡಬೇಕು ಅಂತ ನನಗೆ ಗೊತ್ತಾಗಿದ್ದು ಎರಡು ವರ್ಷ ಆದ ಮೇಲೆ, ಇಲ್ಲಿ, ಕೆಲಸದ ಮೊದಲ ವಾರ. ಅಷ್ಟೊತ್ತಿಗೆ ಅಪ್ಪನ ವರ್ಷಾಬ್ದಿಕ ಮುಗಿದಿತ್ತು.

ದುಡ್ಡಿಲ್ಲ, ಜನ ಇಲ್ಲ, ನಮ್ಮದು ಬಡ ದೇಶ ಅಂತಾರೆ. ಒಪ್ಪಿದೆ. ಆದರೆ ಆ ವಾರ್ಡಿನಲ್ಲಿ ಪರದೆ ಇತ್ತು. ಪ್ರತಿ ಮಂಚಕ್ಕೂ ಇತ್ತು. ಹಸಿರು ಪರದೆ. ಎಲ್ಲವನ್ನೂ ಗೋಡೆಗೆ ಸರಿಸಿ ಗಂಟು ಹಾಕಿ ಕಟ್ಟಿದ್ದರು. ಗಂಟು ಬಿಚ್ಚೋಕೆ ಬಜೆಟ್ ಬೇಕಾ? ಡಾಕ್ಟರು ರೌಂಡ್ಸಿಗೆ ಬಂದರು, ಬಿಚ್ಚಲಿಲ್ಲ. ಸಿಸ್ಟರ್ ಬಿಚ್ಚಲಿಲ್ಲ. ಮೂರು ವಾರ ಪಕ್ಕದಲ್ಲೇ ಕೂತಿದ್ದ ಮಗಳು, ನಾನು, ನನಗೂ ಹೊಳೆಯಲಿಲ್ಲ. ಅದೇ ಈಗಲೂ ಚುಚ್ಚೋದು.

ನಮ್ಮಲ್ಲಿ ಮೈ ಮುಟ್ಟಿ ಮಾಡೋ ಕೆಲಸಕ್ಕೆ ಮರ್ಯಾದೆಯೇ ಇಲ್ಲ ಅಂತಲೂ ಹೇಳಲಾರೆ. ಬಾಣಂತಿಗೆ ನೀರು ಹಾಕೋ ಅಜ್ಜಿಗೆ ಸೀರೆ ಕುಪ್ಪಸ ಕೊಟ್ಟು, ಎಲೆ ಅಡಿಕೆ ಇಟ್ಟು ಕಳಿಸುತ್ತೇವೆ. ಸಾಯೋಕೆ ಮಲಗಿದವರನ್ನು ತೊಳೆಯೋಳಿಗೆ ಕಾಫಿ ಕಾಸು. ಆ ಕೆಲಸಕ್ಕೆ ಯಾವ ಕೇರಿಯಿಂದ ಜನ ಬರುತ್ತಾರೆ ಅಂತ ನಮಗೆಲ್ಲ ಗೊತ್ತು, ಹೆಸರು ಮಾತ್ರ ಗೊತ್ತಿರಲ್ಲ. ಇಲ್ಲಿ ರೂಮಿನ ಬಿಳಿ ಬೋರ್ಡಿನಲ್ಲಿ ಡಾಕ್ಟರ ಹೆಸರು, ನರ್ಸ್ ಹೆಸರು, ಅದರ ಕೆಳಗೆ ನನ್ನ ಹೆಸರು. ಅರ್ಧ ಜನಕ್ಕೆ ಅದು ಬಾಯಲ್ಲಿ ತಿರುಗಲ್ಲ, ಆದರೂ ಪ್ರಯತ್ನ ಮಾಡುತ್ತಾರೆ. ಒಂದು ಸಲ "ಇವತ್ತು ಆ ತಾತ ಯಾಕೋ ಸರಿ ಇಲ್ಲ, ಮಾತು ಕಡಿಮೆ ಆಗಿದೆ" ಅಂದೆ. ನರ್ಸ್ ತಕ್ಷಣ ಡಾಕ್ಟರಿಗೆ ಫೋನ್ ಮಾಡಿದಳು. ನನ್ನ ಮಾತಿನ ಮೇಲೆ! ಚಿಕ್ಕಮ್ಮನಿಗೆ ಇದನ್ನು ಹೇಳಿದರೆ ಅರ್ಥ ಆಗಲ್ಲ ಅಂತ ಹೇಳಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಬರೆಯೋಕೆ ಕೂತಾಗ ಬೇಡದ್ದೂ ನೆನಪಿಗೆ ಬರುತ್ತೆ.

ನನ್ನ ಫ್ಲೋರಿನಲ್ಲಿ ಒಬ್ಬ ಅಜ್ಜಿ ಇದ್ದರು, ಸೊಂಟದ ಮೂಳೆ ಮುರಿದು ಬಂದವರು. ಮಗ ಕ್ಯಾಲಿಫೋರ್ನಿಯಾದಲ್ಲಿ. ನಾನು ರಾತ್ರಿ ಪಾಳಿಯಲ್ಲಿದ್ದಾಗ ಗಂಟೆಗೊಮ್ಮೆ ಬೆಲ್ ಒತ್ತುತ್ತಿದ್ದರು. ಹೋಗಿ ಬಾಗಿಲು ತಟ್ಟಿ, ಹೆಸರು ಹೇಳಿ, ಏನು ಬೇಕು ಅಂತ ಕೇಳಿದರೆ, "ಟೈಮೆಷ್ಟು?" ಗಡಿಯಾರ ಎದುರಿಗೇ ಇತ್ತು. ಹೇಳಿ, ದಿಂಬು ಸರಿ ಮಾಡಿ ಬರುತ್ತಿದ್ದೆ. ಇನ್ನೂ ಹತ್ತು ಜನ ಇದ್ದರು ನನ್ನ ಪಾಲಿಗೆ. ಅವರ ರೂಮಿನಲ್ಲಿ ಪರದೆ, ಬಾಗಿಲು, ಟೀವಿ, ಎಲ್ಲ ಇತ್ತು. ಒಂದು ಆಳು ಇರಲಿಲ್ಲ. ಬೆಂಗಳೂರಿನಲ್ಲಿ ಅಣ್ಣ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗುತ್ತಿದ್ದ. ಟವೆಲಿನ ಒಂದು ತುದಿ ಅಪ್ಪನ ಕೈಗೆ, ಇನ್ನೊಂದು ತುದಿ ತನ್ನ ಕೈಗೆ. ಅಪ್ಪ ಅಲ್ಲಾಡಿದರೆ ಎಚ್ಚರ ಆಗಲಿ ಅಂತ.

ಆ ಆಯಾ ಕೂಡ. ಅವಳ ಪಾಲಿಗೆ ಇಡೀ ವಾರ್ಡು. ಕೈಗೆ ಗ್ಲೌಸ್ ಇರಲಿಲ್ಲ, ಮೆಡಿಕಲ್ ಸ್ಟೋರಿನಿಂದ ನಾನೇ ಒಂದು ಡಬ್ಬ ತಂದುಕೊಟ್ಟೆ. ನಾಲ್ಕನೇ ದಿನ "ಮೇಷ್ಟ್ರಂತೆ ಹೌದೇನಮ್ಮ?" ಅಂತ ಕೇಳಿದಳು. ಅವತ್ತಿಂದ ತಾತ ಹೋಗಿ "ಮೇಷ್ಟ್ರೇ, ಸ್ವಲ್ಪ ತಿರುಗಿ" ಆಯಿತು. ಅವಳ ಹೆಸರು ನಾನು ಕೇಳಲಿಲ್ಲ.

ಹೋದ ಜನವರಿಯಲ್ಲಿ ಊರಿಗೆ ಹೋಗಿದ್ದೆ. ದೊಡ್ಡಪ್ಪನಿಗೆ ಹರ್ನಿಯಾ ಆಪರೇಷನ್ ಆಗಿತ್ತು. ನೋಡೋಕೆ ಹೋದವಳು ಬ್ಯಾಗ್ ಕೆಳಗಿಟ್ಟು ಮೊದಲು ಮಾಡಿದ ಕೆಲಸ, ಪರದೆಯ ಗಂಟು ಬಿಚ್ಚಿ ಸುತ್ತ ಎಳೆದದ್ದು. ದೊಡ್ಡಪ್ಪ ಗಾಬರಿ ಆದರು.

"ಏನೇ ಇದು, ಯಾಕೆ ಮುಚ್ತಿದೀಯ? ಪಕ್ಕದ ಮಂಚದವನು ಅರಸೀಕೆರೆ ಕಡೆಯವನು. ಕೊಬ್ಬರಿ ರೇಟು ಮಾತಾಡ್ತಿದ್ವಿ, ತೆಗಿ ಅತ್ಲಾಗೆ."

ತೆಗೆದೆ. ಮತ್ತೆ ಗಂಟು ಹಾಕಿದೆ, ಸಡಿಲವಾಗಿ. ಹೊರಡುವಾಗ ಆಯಾಳನ್ನು ಕರೆದು, ಪ್ಯಾನ್ ಕೊಡೋವಾಗ ಮಾತ್ರ ಒಂಚೂರು ಎಳೀರಿ ಅಂದೆ. ಹ್ಞೂಂ ಅಂದಳು. ನನ್ನ ಪರ್ಸಿನ ಕಡೆ ನೋಡಿದಳು.